ಓಆರ್‌ಎಂ ಆರಿಸುವ ಮುಂಚೆ ಬರೆದ ಐದು ತಲೆನೋವಿನ ಕ್ವೆರಿಗಳು

ಹೊಸ ಪ್ರಾಜೆಕ್ಟ್ ಶುರುವಾದ ಎರಡನೇ ದಿನವೇ ಜಗಳವೂ ಶುರುವಾಯಿತು. ಡೇಟಾಬೇಸ್ ಯಾವುದು ಅನ್ನುವುದರಲ್ಲಿ ಯಾರದೂ ತಕರಾರಿರಲಿಲ್ಲ. ಪೋಸ್ಟ್‌ಗ್ರೆಸ್ ಅಂತ ಐದು ನಿಮಿಷದಲ್ಲಿ ಮುಗಿಯಿತು. ಭಾಷೆ ಪೈಥಾನ್, ಅದೂ ಮೊದಲೇ ತೀರ್ಮಾನವಾಗಿತ್ತು. ಆ ಎರಡರ ಮಧ್ಯೆ ಕೂತು, ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳನ್ನು, ಅಂದರೆ ಕ್ವೆರಿಗಳನ್ನು, ನಮ್ಮ ಬದಲು ಬರೆದುಕೊಡುವ ಓಆರ್‌ಎಂ ಯಾವುದು ಅಂತ ಕೇಳಿದ ಕೂಡಲೇ ಮೂರು ಜನರ ತಂಡದಲ್ಲಿ ನಾಲ್ಕು ಅಭಿಪ್ರಾಯ ಬಂದವು. ನಾಲ್ಕನೆಯದೂ ನನ್ನದೇ. ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು.

ತಂಡದ ಹಿರಿಯರು ಇಪ್ಪತ್ತು ವರ್ಷದಿಂದ ಎಸ್‌ಕ್ಯೂಎಲ್ ಕೈಯಲ್ಲೇ ಬರೆಯುವವರು. "ಡೇಟಾಬೇಸ್ ಮಾತಾಡೋ ಭಾಷೆ ನನಗೆ ಬರುತ್ತೆ. ಮಧ್ಯದಲ್ಲಿ ದುಭಾಷಿ ಯಾಕೆ?" ಅನ್ನುವುದು ಅವರ ವಾದ. ಕೆಲಸಕ್ಕೆ ಸೇರಿ ಒಂದು ವರ್ಷವಾದ ಹುಡುಗಿ ಪೈಥಾನ್‌ನಲ್ಲಿ ವೆಬ್ ತಂತ್ರಾಂಶ ಕಟ್ಟುವ ಚೌಕಟ್ಟಾದ ಜ್ಯಾಂಗೋ ಬಿಟ್ಟು ಬೇರೇನೂ ಮುಟ್ಟಿಲ್ಲ. "ಅದರಲ್ಲೇ ಎಲ್ಲ ಇದೆಯಲ್ಲ ಮೇಡಂ, ಇನ್ನೇನು ಹುಡುಕೋದು?" ಅಂತ ಅವಳು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನೊಗ ಮಾತ್ರ ನನ್ನ ಕೈಯಲ್ಲಿ.

ಪ್ರಾಜೆಕ್ಟ್ ಏನೂ ಭಾರಿ ಅಲ್ಲ. ಯಂತ್ರಗಳ ಸರ್ವಿಸ್ ದಾಖಲೆ ಇಡುವ ತಂತ್ರಾಂಶ. ಯಾವ ಗ್ರಾಹಕರ ಹತ್ತಿರ ಯಾವ ಯಂತ್ರ ಇದೆ, ಮೆಕ್ಯಾನಿಕ್ ಯಾವಾಗ ಹೋಗಿ ಬಂದ, ಯಾವ ಬಿಡಿಭಾಗ ಹಾಕಿದ, ಸ್ಟಾಕ್‌ನಲ್ಲಿ ಇನ್ನೆಷ್ಟು ಉಳಿದಿದೆ. ಕಾಗದದ ಮೇಲೆ ಒಂಬತ್ತು ಟೇಬಲ್. ಇಷ್ಟಕ್ಕೆ ಇಷ್ಟೆಲ್ಲ ಚರ್ಚೆ ಬೇಕಾ ಅಂತ ನಿಮಗೆ ಅನ್ನಿಸಬಹುದು. ನನಗೆ ಬೇಕಿತ್ತು. ಹಳೆಯ ಗಾಯ ಒಂದಿದೆ.

ಹಿಂದಿನ ಒಂದು ಪ್ರಾಜೆಕ್ಟ್‌ನಲ್ಲಿ ನಾವು ಬಳಸಿದ ಓಆರ್‌ಎಂ ಹೆಸರು ಹೇಳುವುದಿಲ್ಲ, ಯಾಕಂದ್ರೆ ತಪ್ಪು ಅದರದ್ದಲ್ಲ. ಒಂದು ಪಟ್ಟಿಯ ಪರದೆ ಇತ್ತು. ನನ್ನ ಲ್ಯಾಪ್‌ಟಾಪ್‌ನಲ್ಲಿ ಹನ್ನೆರಡು ಸಾಲು ಡೇಟಾ, ಪುಟ ಕಣ್ಣು ಮಿಟುಕಿಸುವುದರೊಳಗೆ ಬರುತ್ತಿತ್ತು. ಬಳಕೆಗೆ ಬಿಟ್ಟ ಮೇಲೆ ಪಟ್ಟಿ 200 ಸಾಲಿಗೆ ಬೆಳೆಯಿತು, ಪುಟ ಏದುಸಿರು ಬಿಡತೊಡಗಿತು. ಲಾಗ್ ತೆರೆದು ನೋಡಿದರೆ ಒಂದೇ ಥರದ ಸೆಲೆಕ್ಟ್, ಅಂದರೆ ಡೇಟಾ ಕೇಳುವ ಕ್ವೆರಿ, ಮಳೆ ಸುರಿದ ಹಾಗೆ ಸುರಿಯುತ್ತಿದೆ, ಐಡಿ ಮಾತ್ರ ಬೇರೆ ಬೇರೆ. ಪಟ್ಟಿಗೆ ಒಂದು ಕ್ವೆರಿ, ಪ್ರತಿ ಸಾಲಿನ ಗ್ರಾಹಕರ ಹೆಸರಿಗೆ ಒಂದು, ಪ್ರತಿ ಸಾಲಿನ ಕೊನೆಯ ದಾಖಲೆಗೆ ಇನ್ನೊಂದು. ಲೆಕ್ಕ ಹಾಕಿ: 401. ಒಂದೊಂದಕ್ಕೆ ಎರಡೇ ಮಿಲಿಸೆಕೆಂಡ್ ಅಂದರೂ 800 ದಾಟಿತು, ಅದೂ ಬರೀ ಹೋಗಿ ಬರೋದಕ್ಕೆ. ಇದಕ್ಕೆ ಎನ್+1 ಸಮಸ್ಯೆ ಅಂತ ಹೆಸರಿದೆ, ಎಲ್ಲ ಪಾಠದಲ್ಲೂ ಬರುತ್ತೆ. ನಾನೂ ಓದಿದ್ದೆ. ಓದಿದ್ದು ಬೇರೆ, ನನ್ನದೇ ಕೋಡ್‌ನ ಟೆಂಪ್ಲೇಟ್‌ನಲ್ಲಿ ಒಂದು ಚುಕ್ಕಿ ಹಾಕಿ ಗ್ರಾಹಕರ ಹೆಸರು ಬರೆದಾಗ ಹಿಂದೆ ಒಂದು ಕ್ವೆರಿ ಓಡುತ್ತೆ ಅಂತ ಕಾಣಿಸೋದು ಬೇರೆ. ಆಗ ನಾನೂ ಓಆರ್‌ಎಂಗೆ ಬೈದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಹಾಗೆ.

ಆದ್ದರಿಂದ ಈ ಸಲ ಒಂದು ಷರತ್ತು ಹಾಕಿದೆ. ಯಾವ ಓಆರ್‌ಎಂನ ಮೊದಲ ಪುಟವನ್ನೂ ನೋಡುವುದು ಬೇಡ. ಮೊದಲ ಪುಟದಲ್ಲಿ ಎಲ್ಲರೂ ಚೆಂದವೇ. ಒಬ್ಬ ಬಳಕೆದಾರ, ಅವನ ಹತ್ತು ಲೇಖನ, ಒಂದು ಸಾಲಿನ ಕೋಡ್. ಅದರ ಬದಲು ನಮ್ಮ ತಂತ್ರಾಂಶಕ್ಕೆ ಖಂಡಿತ ಬೇಕಾಗುವ, ಬರೆಯಲು ಬೇಸರ ಬರುವ ಐದು ಕೆಲಸ ಆರಿಸೋಣ. ಹಿರಿಯರು ಅವನ್ನು ಎಸ್‌ಕ್ಯೂಎಲ್‌ನಲ್ಲಿ ಬರೆಯಲಿ. ಆಮೇಲೆ ಒಂದೊಂದು ಓಆರ್‌ಎಂನಲ್ಲೂ ಅದನ್ನೇ ಬರೆದು, ಅದು ಹುಟ್ಟಿಸುವ ಎಸ್‌ಕ್ಯೂಎಲ್ ಅನ್ನು ಪಕ್ಕದಲ್ಲಿಟ್ಟು ಓದೋಣ. ಎರಡು ವಾರ, ಅದಕ್ಕಿಂತ ಜಾಸ್ತಿ ಇಲ್ಲ.

ಕಣದಲ್ಲಿ ಉಳಿದಿದ್ದು ಜ್ಯಾಂಗೋದ ಓಆರ್‌ಎಂ, ಎಸ್‌ಕ್ಯೂಎಲ್‌ಆಲ್ಕೆಮಿ, ಮತ್ತು ಓಆರ್‌ಎಂ ಇಲ್ಲದೆ, ನಾವು ಬರೆದ ಎಸ್‌ಕ್ಯೂಎಲ್ ಅನ್ನು ಹಾಗೇ ಡೇಟಾಬೇಸ್‌ಗೆ ತಲುಪಿಸುವ ಬರೀ ಡ್ರೈವರ್. ಪೀವೀ ಅನ್ನುವ ಇನ್ನೊಂದು ಓಆರ್‌ಎಂ ಅನ್ನು ಒಂದು ಸಂಜೆ ನೋಡಿ ಬಿಟ್ಟೆ. ಪುಟ್ಟದು, ಚೊಕ್ಕದು, ಒಬ್ಬರೇ ಬರೆಯುವ ಕೆಲಸಕ್ಕೆ ಇವತ್ತೂ ಅದನ್ನೇ ತಗೊಳ್ತೀನಿ.

ಇಲ್ಲಿ ಒಂದು ಮಾತು ಹೇಳಿ ಮುಂದೆ ಹೋಗುತ್ತೇನೆ. ಓಆರ್‌ಎಂಗಳಲ್ಲಿ ಎರಡು ಜಾತಿ. 2002ರಲ್ಲಿ ತಂತ್ರಾಂಶ ವಿನ್ಯಾಸದ ಬಗ್ಗೆ ಬರೆಯುವ ಮಾರ್ಟಿನ್ ಫೌಲರ್ ಅವಕ್ಕೆ ಆಕ್ಟಿವ್ ರೆಕಾರ್ಡ್, ಡೇಟಾ ಮ್ಯಾಪರ್ ಅಂತ ಹೆಸರಿಟ್ಟು ವಿವರಿಸಿದರು. ಮೊದಲನೆಯದರಲ್ಲಿ ಪ್ರತಿ ವಸ್ತುವಿಗೂ ತನ್ನನ್ನು ತಾನೇ ಟೇಬಲ್‌ಗೆ ಬರೆದುಕೊಳ್ಳಲು ಬರುತ್ತೆ. ಸೇವ್ ಅಂದರೆ ಸಾಕು, ಹೋಗಿ ಕೂರುತ್ತೆ. ರೂಬಿ ಭಾಷೆಯ 2004ರ ರೈಲ್ಸ್, 2005ರ ಜ್ಯಾಂಗೋ ಈ ದಾರಿಯವು. ಎರಡನೆಯದರಲ್ಲಿ ವಸ್ತುವಿಗೆ ಡೇಟಾಬೇಸ್ ವಿಚಾರ ಗೊತ್ತಿಲ್ಲ. ಸೆಷನ್ ಅನ್ನುವ ಗುಮಾಸ್ತ ಪಕ್ಕದಲ್ಲಿ ಕೂತು ಏನೇನು ಬದಲಾಯಿತು ಅಂತ ಬರೆದುಕೊಂಡು, ಕೊನೆಗೆ ಒಟ್ಟಿಗೆ ಬರೆಯುತ್ತಾನೆ. ಜಾವಾದ ಹೈಬರ್ನೇಟ್, 2006ರಲ್ಲಿ ಮೈಕ್ ಬೇಯರ್ ಹೊರತಂದ ಎಸ್‌ಕ್ಯೂಎಲ್‌ಆಲ್ಕೆಮಿ ಈ ಕಡೆಯವು. ಇದನ್ನು ಎಷ್ಟೋ ಸಲ ಓದಿದ್ದೆ, ಆದರೆ ಆರಿಸುವಾಗ ಇದರಿಂದ ಏನು ವ್ಯತ್ಯಾಸ ಅಂತ ಹೊಳೆದಿರಲಿಲ್ಲ. ಆ ಐದು ಕೆಲಸ ಮಾಡುವಾಗ ಹೊಳೆಯಿತು.

ಮೊದಲ ಕೆಲಸ: ಯಂತ್ರಗಳ ಪಟ್ಟಿ, ಜೊತೆಗೆ ಗ್ರಾಹಕರ ಹೆಸರು, ಕೊನೆಯ ಭೇಟಿಯ ದಿನಾಂಕ. ಎರಡೂ ಓಆರ್‌ಎಂ ಇದನ್ನು ಸಲೀಸಾಗಿ ಮಾಡಿದವು. ಇನ್ನೊಂದು ಪರದೆಯಲ್ಲಿ ಒಂದೇ ಯಂತ್ರದ ಎಲ್ಲ ಭೇಟಿಗಳು, ಎಲ್ಲ ಬಿಡಿಭಾಗಗಳು ಒಟ್ಟಿಗೆ ಬೇಕಿತ್ತು. ನಾನು ಜಾಣತನ ಮಾಡಿ ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಎರಡನ್ನೂ ಜಾಯಿನ್ ಮೂಲಕ, ಅಂದರೆ ಟೇಬಲ್‌ಗಳನ್ನು ಒಂದೇ ಕ್ವೆರಿಯಲ್ಲಿ ಬೆಸೆದು, ಮೊದಲೇ ತಂದುಕೋ ಅಂದೆ. ಒಂದೇ ಕ್ವೆರಿ ಓಡಿತು, ಖುಷಿಯಾಯಿತು. ಹಿರಿಯರು ಲಾಗ್‌ನಲ್ಲಿದ್ದ ಕ್ವೆರಿಯನ್ನು ತೆಗೆದು ನೇರವಾಗಿ ಡೇಟಾಬೇಸ್‌ನಲ್ಲಿ ಓಡಿಸಿದರು. ಆ ಯಂತ್ರಕ್ಕೆ ಇದ್ದದ್ದು 20 ಭೇಟಿ, 15 ಬಿಡಿಭಾಗ. ಬರಬೇಕಿದ್ದದ್ದು 35 ಸಾಲಿನ ವಿಷಯ, ಬಂದದ್ದು 300 ಸಾಲು. ಪ್ರತಿ ಭೇಟಿಗೂ ಪ್ರತಿ ಬಿಡಿಭಾಗ ಗುಣಾಕಾರ. ಓಆರ್‌ಎಂ ಅದನ್ನೆಲ್ಲ ಸೋಸಿ ನನ್ನ ಕೈಗೆ ಸರಿಯಾದ 35 ಕೊಡುತ್ತಿತ್ತು, ಹಾಗಾಗಿ ನನಗೆ ಗೊತ್ತೇ ಆಗುತ್ತಿರಲಿಲ್ಲ. ಜಾಯಿನ್ ಬದಲು, ಭೇಟಿಗಳಿಗೊಂದು, ಬಿಡಿಭಾಗಗಳಿಗೊಂದು ಬೇರೆ ಕ್ವೆರಿ ಓಡಿಸುವ ಸೆಲೆಕ್ಟ್‌ಇನ್ ಅನ್ನುವ ಬಗೆ ಹಾಕಿದೆ. ಮೂರು ಕ್ವೆರಿ ಆಯಿತು, ಸಾಲುಗಳು ಸರಿಹೋದವು. ಕ್ವೆರಿ ಕಡಿಮೆಯಾದಷ್ಟೂ ಒಳ್ಳೆಯದು ಅಂತ ಹಳೆಯ ಗಾಯದಿಂದ ಕಲಿತಿದ್ದೆ ನೋಡಿ, ಅದೂ ಅರ್ಧ ಸತ್ಯ.

ಎರಡನೆಯದು: ಬಿಡಿಭಾಗದೊಳಗೆ ಬಿಡಿಭಾಗ. ಪಂಪ್ ಒಳಗೆ ಮೋಟಾರು, ಮೋಟಾರಿನೊಳಗೆ ಬೇರಿಂಗ್. ಮೇಲಿನದನ್ನು ಕೊಟ್ಟರೆ ಕೆಳಗಿನ ಎಲ್ಲವೂ ಬೇಕು, ಎಷ್ಟು ಆಳವಿದ್ದರೂ. ಎಸ್‌ಕ್ಯೂಎಲ್‌ನಲ್ಲಿ ಇದಕ್ಕೆ, ಸಿಕ್ಕ ಉತ್ತರದ ಮೇಲೇ ಮತ್ತೆ ಮತ್ತೆ ಓಡುವ ವಿತ್ ರಿಕರ್ಸಿವ್ ಇದೆ. ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲಿ ಅದನ್ನೇ ನೇರವಾಗಿ ಕಟ್ಟಬಹುದು, ಓದಲು ಸ್ವಲ್ಪ ಕಷ್ಟ ಅಷ್ಟೇ. ಜ್ಯಾಂಗೋದ ಒಳಗೆ ಇದಕ್ಕೆ ದಾರಿ ಇಲ್ಲ. ಬೇರೆಯವರು ಬರೆದ ಪ್ಯಾಕೇಜ್ ಹಾಕಬೇಕು, ಇಲ್ಲವೇ ಎಸ್‌ಕ್ಯೂಎಲ್ ಅನ್ನೇ ಬರೆಯಬೇಕು. ಹುಡುಗಿಯ ಮುಖ ಸ್ವಲ್ಪ ಬಾಡಿತು.

ಮೂರನೆಯದು ಎರಡು ಭೇಟಿಗಳ ನಡುವಿನ ದಿನಗಳ ಲೆಕ್ಕ. ಅಕ್ಕಪಕ್ಕದ ಸಾಲು ನೋಡಿ ಲೆಕ್ಕ ಹಾಕುವ ವಿಂಡೋ ಫಂಕ್ಷನ್‌ನ ಕೆಲಸ. ಜ್ಯಾಂಗೋಗೆ ಅದು 2.0ರಿಂದ ಬರುತ್ತೆ, ಆದರೆ ಸಿಕ್ಕ ಉತ್ತರದ ಮೇಲೆ ಫಿಲ್ಟರ್ ಹಾಕುವುದು 2023ರ 4.2ರಿಂದ ಮಾತ್ರ. ಈಗ ಎರಡರಲ್ಲೂ ಆಗುತ್ತೆ. ನಾನು ಎರಡರಲ್ಲೂ ಬರೆದು, ಹಿರಿಯರ ಒಂಬತ್ತು ಸಾಲಿನ ಎಸ್‌ಕ್ಯೂಎಲ್ ಪಕ್ಕದಲ್ಲಿಟ್ಟೆ. ಮೂವರೂ ಒಪ್ಪಿದೆವು: ಆರು ತಿಂಗಳ ಮೇಲೆ ಓದಿದರೆ ಅರ್ಥವಾಗೋದು ಆ ಒಂಬತ್ತು ಸಾಲೇ. ಅಲ್ಲೇ ಒಂದು ತೀರ್ಮಾನ ಆಗಿಹೋಯಿತು. ವರದಿಗಳು ಓಆರ್‌ಎಂನಲ್ಲಿ ಬೇಡ.

ಹಾಗಾದರೆ ಕೇಳಬೇಕಾದ ಪ್ರಶ್ನೆಯೂ ಬದಲಾಯಿತು ಅಲ್ವಾ? ಯಾವ ಓಆರ್‌ಎಂ ಎಲ್ಲ ಮಾಡುತ್ತೆ ಅಂತಲ್ಲ. ಯಾವುದರಿಂದ ಹೊರಗೆ ಕಾಲಿಟ್ಟು ಎಸ್‌ಕ್ಯೂಎಲ್ ಬರೆದು, ಅದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎಲ್ಲ, ಇಲ್ಲದಿದ್ದರೆ ಏನೂ ಇಲ್ಲ ಅನ್ನುವ ಕೆಲಸದ ಕಂತೆ), ಗಲಾಟೆ ಇಲ್ಲದೆ ವಾಪಸ್ ಒಳಗೆ ಬರಬಹುದು ಅಂತ. ಎಸ್‌ಕ್ಯೂಎಲ್‌ಆಲ್ಕೆಮಿ ಮೊದಲಿಂದಲೂ ಎರಡು ಮಹಡಿಯ ಮನೆ. ಕೆಳಗೆ ಕೋರ್, ಅಲ್ಲಿ ಟೇಬಲ್, ಕಾಲಂ, ಕ್ವೆರಿ ಮಾತ್ರ. ಮೇಲೆ ಓಆರ್‌ಎಂ. ಬೇಕಾದಾಗ ಮೆಟ್ಟಿಲಿಳಿಯಬಹುದು. ಜ್ಯಾಂಗೋದಲ್ಲಿ ಕಿಟಕಿಯಿಂದ ಹಾರಬೇಕು ಅಂದರೆ ಅತಿಯಾಯಿತು, ಅಲ್ಲೂ ಬಾಗಿಲಿದೆ. ಆದರೆ ಅದು ಹಿತ್ತಲ ಬಾಗಿಲು.

ನಾಲ್ಕನೆಯ ಕೆಲಸದಲ್ಲಿ ನಾವು ಮೂರು ದಿನ ಕಳೆದೆವು. ಸ್ಟಾಕ್ ಕಡಿಮೆ ಮಾಡುವುದು. ಕೇಳಲು ಮಗು ಮಾಡುವ ಕೆಲಸ. ಗೋಡೌನ್‌ನಲ್ಲಿ ಒಂದೇ ಬೇರಿಂಗ್ ಉಳಿದಿದೆ. ಇಬ್ಬರು ಮೆಕ್ಯಾನಿಕ್‌ಗಳು ಒಂದೇ ಹೊತ್ತಿಗೆ ಫೋನಿನಲ್ಲಿ "ತಗೊಂಡೆ" ಒತ್ತುತ್ತಾರೆ. ಓಆರ್‌ಎಂ ಕೈಗೆ ಕೊಟ್ಟರೆ ಯಾರಾದರೂ ಸಹಜವಾಗಿ ಬರೆಯೋದು ಹೀಗೆ: ಬಿಡಿಭಾಗವನ್ನು ತಾ, ಸ್ಟಾಕ್‌ನಿಂದ ಒಂದು ಕಳೆ, ಸೇವ್ ಮಾಡು. ಇಬ್ಬರೂ 1 ಅಂತ ಓದುತ್ತಾರೆ, ಇಬ್ಬರೂ 0 ಅಂತ ಬರೆಯುತ್ತಾರೆ. ಲೆಕ್ಕದ ಪ್ರಕಾರ ಒಂದು ಬೇರಿಂಗ್ ಎರಡು ಯಂತ್ರಕ್ಕೆ ಹೋಯಿತು. ಎಸ್‌ಕ್ಯೂಎಲ್‌ನಲ್ಲಿ ಯೋಚಿಸುವವರು ಮಾತ್ರ ಮೊದಲೇ "ಸ್ಟಾಕ್ ಸೊನ್ನೆಗಿಂತ ಜಾಸ್ತಿ ಇದ್ದರೆ ಒಂದು ಕಳೆ" ಅಂತ ಒಂದೇ ಅಪ್‌ಡೇಟ್ ಬರೆದು, ಎಷ್ಟು ಸಾಲು ಬದಲಾಯಿತು ಅಂತ ನೋಡುತ್ತಾರೆ. ಸೊನ್ನೆ ಸಾಲು ಬದಲಾಗಿದ್ದರೆ ಎರಡನೆಯವನಿಗೆ "ಖಾಲಿ" ಅನ್ನುತ್ತಾರೆ. ಜ್ಯಾಂಗೋದಲ್ಲಿ, ಲೆಕ್ಕವನ್ನು ಡೇಟಾಬೇಸ್‌ನಲ್ಲೇ ಮಾಡಿಸುವ ಎಫ್ ಎಕ್ಸ್‌ಪ್ರೆಷನ್ ಬಳಸಿ ಇದನ್ನೇ ಬರೆಯಬಹುದು, ಎಸ್‌ಕ್ಯೂಎಲ್‌ಆಲ್ಕೆಮಿಯಲ್ಲೂ ಆಗುತ್ತೆ. ಆಗುತ್ತೆ ಅನ್ನುವುದು ದೊಡ್ಡ ವಿಷಯವಲ್ಲ. ಸೋಮವಾರ ಬೆಳಿಗ್ಗೆ ಅರೆನಿದ್ದೆಯಲ್ಲಿ ಬರೆದಾಗ ಕೈ ಯಾವ ಕಡೆ ಹೋಗುತ್ತೆ ಅನ್ನುವುದು ವಿಷಯ.

ಇದೇ ಪರೀಕ್ಷೆಯಲ್ಲಿ ಆ ಎರಡು ಜಾತಿಯ ವ್ಯತ್ಯಾಸ ಕಣ್ಣಿಗೆ ಹೊಡೆಯಿತು. ಜ್ಯಾಂಗೋದಲ್ಲಿ ಸೇವ್ ಅಂದರೆ, ನೀವು ಬೇರೆ ಹೇಳದಿದ್ದರೆ, ಆ ಸಾಲಿನ ಎಲ್ಲ ಕಾಲಂಗಳನ್ನೂ ಬರೆಯುತ್ತೆ. ನಾನು ಬಿಡಿಭಾಗದ ಹೆಸರಿನಲ್ಲಿದ್ದ ಕಾಗುಣಿತ ತಿದ್ದಲು ಪುಟ ತೆರೆದುಕೊಂಡಿದ್ದೇನೆ. ಅಷ್ಟರಲ್ಲಿ ಬೇರೆ ಯಾರೋ ಸ್ಟಾಕ್ 7ರಿಂದ 4ಕ್ಕೆ ಇಳಿಸಿದ್ದಾರೆ. ನಾನು ಹಳೆಯ ವಸ್ತುವನ್ನೇ ಹಿಡಿದುಕೊಂಡು ಸೇವ್ ಮಾಡಿದರೆ ಹೆಸರಿನ ಜೊತೆ ಸ್ಟಾಕ್ ಕೂಡ 7 ಅಂತ ಹೋಗಿ ಕೂರುತ್ತೆ. ಯಾವ ದೋಷವೂ ಬರುವುದಿಲ್ಲ, ಲಾಗ್‌ನಲ್ಲೂ ಕೆಂಪು ಇಲ್ಲ. ಯಾವ ಕಾಲಂ ಬರೆಯಬೇಕು ಅಂತ ಹೇಳಲು ಅದರಲ್ಲಿ ದಾರಿ ಇದೆ, ನೆನಪಿರಬೇಕು ಅಷ್ಟೇ. ಎಸ್‌ಕ್ಯೂಎಲ್‌ಆಲ್ಕೆಮಿಯ ಗುಮಾಸ್ತ ಬದಲಾದ ಕಾಲಂ ಮಾತ್ರ ಬರೆಯುತ್ತಾನೆ. ಬೇಕಾದರೆ ಒಂದು ವರ್ಷನ್ ಕಾಲಂ ಇಟ್ಟು, ನಡುವೆ ಯಾರಾದರೂ ಮುಟ್ಟಿದ್ದರೆ ಬರೆಯಲು ಬಿಡಬೇಡ ಅಂತಲೂ ಹೇಳಬಹುದು. ಹುಡುಗಿ ಎರಡು ಕಿಟಕಿ ತೆರೆದು ತಾನೇ ಮಾಡಿ ನೋಡಿದಳು. ನಾಲ್ಕು ಇದ್ದದ್ದು ಏಳಾದಾಗ ಒಂದು ನಿಮಿಷ ಸುಮ್ನೆ ಕೂತಳು. "ಹೋದ ವರ್ಷ ನಾನು ಬರೆದಿದ್ದರಲ್ಲೂ ಹೀಗೇ ಇರಬೇಕು" ಅಂದಳು. ಇರಬಹುದು. ನನ್ನದರಲ್ಲೂ ಇದ್ದಿರಬೇಕು.

ಬೇರೆ ಭಾಷೆಗಳಲ್ಲೂ ಇಂಥ ಮೂಲೆಗಳಿವೆ. ಗೋ ಭಾಷೆಯ ಗಾರ್ಮ್ ಅನ್ನುವ ಓಆರ್‌ಎಂನಲ್ಲಿ ಸ್ಟ್ರಕ್ಟ್, ಅಂದರೆ ಖಾನೆಗಳ ಕಟ್ಟು, ಕೊಟ್ಟು ಅಪ್‌ಡೇಟ್ಸ್ ಅಂದರೆ ಸೊನ್ನೆ ಇರುವ ಕಾಲಂಗಳನ್ನು ಅದು ಬಿಟ್ಟುಬಿಡುತ್ತೆ. ಅದರ ಕೈಪಿಡಿಯಲ್ಲೇ ಬರೆದಿದ್ದಾರೆ. ಅಂದರೆ ಸ್ಟಾಕ್ 1ರಿಂದ 0ಗೆ ಇಳಿಸಲು ಹೋದರೆ ಅದು 1 ಆಗಿಯೇ ಉಳಿಯುತ್ತೆ! ಸ್ಟಾಕ್ ಲೆಕ್ಕ ಇಡುವವರು ಇದನ್ನು ಮೊದಲ ದಿನವೇ ತಿಳಿದಿರಬೇಕು.

ಐದನೆಯದು 50,000 ಮೀಟರ್ ರೀಡಿಂಗ್‌ಗಳನ್ನು ಕಡತದಿಂದ ಒಳಗೆ ಹಾಕುವುದು. ಒಂದೊಂದಾಗಿ ಸೇವ್ ಮಾಡಿದರೆ ಎದ್ದು ಓಡಾಡಿ ಬಂದರೂ ಮುಗಿದಿರಲ್ಲ. ಒಟ್ಟಿಗೆ ಹಾಕುವ ವ್ಯವಸ್ಥೆ ಎರಡರಲ್ಲೂ ಚೆನ್ನಾಗಿದೆ. ಹಿರಿಯರು ಪೋಸ್ಟ್‌ಗ್ರೆಸ್‌ನ ಕಾಪಿ ಆಜ್ಞೆ ಬಳಸಿ ಇಬ್ಬರನ್ನೂ ಹಿಂದೆ ಹಾಕಿ ಮೀಸೆ ತಿರುವಿದರು.

ಆದರೆ ಅವರೂ ಒಂದು ಕಡೆ ಸೋತರು. ಹುಡುಕಾಟದ ಪರದೆ. ಏಳು ಖಾನೆ: ಗ್ರಾಹಕ, ಯಂತ್ರದ ಬಗೆ, ದಿನಾಂಕದಿಂದ, ದಿನಾಂಕದವರೆಗೆ, ಹೀಗೆ. ಯಾವುದನ್ನು ತುಂಬಿದರೂ ಸರಿ, ಬಿಟ್ಟರೂ ಸರಿ. ಕೈಯಲ್ಲಿ ಬರೆದರೆ ಅಕ್ಷರಗಳನ್ನು ಅಂಟಿಸುತ್ತಾ ಹೋಗಬೇಕು. ವೇರ್ ಬಂತಾ, ಆ್ಯಂಡ್ ಹಾಕಬೇಕಾ, ಜಾಯಿನ್ ಈಗಾಗಲೇ ಸೇರಿಸಿದ್ದೀನಾ. ಅವರ ಫಂಕ್ಷನ್ ಒಂದು ಪರದೆಗಿಂತ ಉದ್ದವಾಯಿತು, ಮಧ್ಯದಲ್ಲಿ ಒಂದು ಆ್ಯಂಡ್ ಬಿಟ್ಟುಹೋಗಿತ್ತು. ಓಆರ್‌ಎಂನಲ್ಲಿ ಏಳು ಇಫ್, ಏಳು ಫಿಲ್ಟರ್, ಮುಗಿಯಿತು. "ಸರಿ, ಇಲ್ಲಿಗೆ ದುಭಾಷಿ ಬೇಕು" ಅಂತ ಒಪ್ಪಿಕೊಂಡರು. ನನ್ನ ಪ್ರಕಾರ ಓಆರ್‌ಎಂಗೆ ಇರುವ ಅತಿ ಗಟ್ಟಿ ಕಾರಣ ಇದೇ. ಮುಂದೆ ಡೇಟಾಬೇಸ್ ಬದಲಿಸುವುದು ಸುಲಭ ಅನ್ನುವ ಕಾರಣವನ್ನು ನಾನು ನಂಬುವುದಿಲ್ಲ. ಹನ್ನೆರಡು ವರ್ಷದಲ್ಲಿ ನಾನು ಡೇಟಾಬೇಸ್ ಬದಲಿಸಿದ್ದು ಒಂದೇ ಸಲ. ಆಗ ಓಆರ್‌ಎಂ ಉಳಿಸಿಕೊಟ್ಟ ಕೆಲಸ ಒಟ್ಟು ಕೆಲಸದ ಮುಂದೆ ಏನೂ ಅಲ್ಲ. ಆ ನಂಬಿಕೆಯಿಂದಲೇ ಜನ ಪರೀಕ್ಷೆಗೆ ಎಸ್‌ಕ್ಯೂಲೈಟ್ ಅನ್ನುವ ಪುಟ್ಟ ಡೇಟಾಬೇಸ್, ಬಳಕೆಗೆ ಪೋಸ್ಟ್‌ಗ್ರೆಸ್ ಇಟ್ಟುಕೊಳ್ಳುತ್ತಾರೆ. ಎಸ್‌ಕ್ಯೂಲೈಟ್ ತಾನಾಗಿ ಫಾರಿನ್ ಕೀ, ಅಂದರೆ ಟೇಬಲ್‌ಗಳ ನಡುವಿನ ಕೊಂಡಿ, ಕೂಡ ಪರಿಶೀಲಿಸುವುದಿಲ್ಲ, ಆನ್ ಮಾಡಬೇಕು. ಅಲ್ಲಿ ಹಸಿರು ಬಂದ ಪರೀಕ್ಷೆ ಇಲ್ಲಿ ಏನು ಹೇಳುತ್ತೆ?

ಮೈಗ್ರೇಷನ್, ಅಂದರೆ ಟೇಬಲ್‌ಗಳ ರಚನೆ ಬದಲಿಸುವ ಕೆಲಸದ ವಿಚಾರ, ನಮ್ಮ ಐದರ ಪಟ್ಟಿಯಲ್ಲಿ ಇರಲೇ ಇಲ್ಲ. ಇರಬೇಕಿತ್ತು. ಎರಡನೇ ವಾರದ ಗುರುವಾರ ನಾನು ಒಂದು ಕಾಲಂನ ಹೆಸರು ಬದಲಿಸಿದೆ, "ಟಿಪ್ಪಣಿ" ಇದ್ದದ್ದನ್ನು "ಷರಾ" ಅಂತ. ಎಸ್‌ಕ್ಯೂಎಲ್‌ಆಲ್ಕೆಮಿ ಜೊತೆ ಬಳಸುವ ಅಲೆಂಬಿಕ್‌ಗೆ ನೀನೇ ಮೈಗ್ರೇಷನ್ ಬರೆದುಕೊಡು ಅಂದೆ. ಕೊಟ್ಟಿತು, ಎರಡು ಸಾಲು: ಷರಾ ಅನ್ನುವ ಹೊಸ ಕಾಲಂ ಸೇರಿಸು, ಟಿಪ್ಪಣಿ ಕಾಲಂ ಅಳಿಸು. ಓಡಿಸಿದ್ದರೆ ಎಲ್ಲ ಟಿಪ್ಪಣಿ ಸ್ವಾಹಾ. ಅದರ ತಪ್ಪಲ್ಲ. ಹೆಸರು ಬದಲಾಯಿತಾ, ಬೇರೆಯೇ ಕಾಲಮ್ಮಾ ಅಂತ ಅದಕ್ಕೆ ಗೊತ್ತಾಗುವುದಿಲ್ಲ, ಅದನ್ನು ಅವರೇ ಬರೆದಿಟ್ಟಿದ್ದಾರೆ. ಜ್ಯಾಂಗೋ ಇಲ್ಲಿ ನಿಂತು ಕೇಳುತ್ತೆ: ಹೆಸರು ಬದಲಿಸಿದಿರಾ, ಹೌದಾ ಇಲ್ಲವಾ? ಈ ಒಂದು ಪ್ರಶ್ನೆಗಾಗಿ ಒಂದು ಗಂಟೆ ಕಾಲ ನಾನು ಜ್ಯಾಂಗೋ ಪಕ್ಷಕ್ಕೆ ಹೋಗಿದ್ದೆ.

ಕೊನೆಗೆ ಎಸ್‌ಕ್ಯೂಎಲ್‌ಆಲ್ಕೆಮಿ 2.0 ಅಂತಾಯಿತು. ಮೆಟ್ಟಿಲಿಗಾಗಿ, ಬದಲಾದ ಕಾಲಂ ಮಾತ್ರ ಬರೆಯುವ ಗುಮಾಸ್ತನಿಗಾಗಿ. ಕಳೆದುಕೊಂಡದ್ದೂ ಕಡಿಮೆಯಲ್ಲ. ಜ್ಯಾಂಗೋದಲ್ಲಿ ಪುಕ್ಕಟೆ ಸಿಗುವ ಅಡ್ಮಿನ್ ಪುಟಗಳನ್ನು ನಾವೇ ಬರೆಯಬೇಕಾಯಿತು, ಅದಕ್ಕೆ ಪೂರ್ತಿ ಎರಡು ವಾರ ಹೋಯಿತು. ಸೆಷನ್ ಅನ್ನುವುದು ಹುಡುಗಿಯ ತಲೆಗೆ ಹೋಗಲು ಒಂದು ತಿಂಗಳು ಹಿಡಿಯಿತು. ಕಮಿಟ್ ಆಗಿ, ಅಂದರೆ ಬದಲಾವಣೆ ಡೇಟಾಬೇಸ್‌ನಲ್ಲಿ ಖಾಯಂ ಆದ ಮೇಲೆ, ವಸ್ತುವನ್ನು ಮುಟ್ಟಿದರೆ ಯಾಕೆ ಮತ್ತೆ ಕ್ವೆರಿ ಓಡುತ್ತೆ ಅಂತ ಅವಳು ಕೇಳಿದಾಗ ನಾನೂ ಎರಡು ಸಲ ಕೈಪಿಡಿ ತೆರೆದೆ. ನಮ್ಮದು ಬರೀ ಪಟ್ಟಿ ಮತ್ತು ಫಾರಂಗಳ ತಂತ್ರಾಂಶವಾಗಿದ್ದರೆ, ವರದಿಗಳ ಕಾಟ ಇಲ್ಲದಿದ್ದರೆ, ಎರಡನೇ ಮಾತಿಲ್ಲದೆ ಜ್ಯಾಂಗೋ ಅನ್ನುತ್ತಿದ್ದೆ.

ಮೂರು ಕಟ್ಟಳೆ ಮಾಡಿಕೊಂಡೆವು. ವರದಿಗಳೆಲ್ಲ ಬೇರೆ ಫೋಲ್ಡರ್‌ನಲ್ಲಿ, ಎಸ್‌ಕ್ಯೂಎಲ್ ಕಡತಗಳಾಗಿ, ಹಿರಿಯರ ಸುಪರ್ದಿಯಲ್ಲಿ. ತಾನಾಗಿ ಹುಟ್ಟಿದ ಮೈಗ್ರೇಷನ್ ಅನ್ನು ಇನ್ನೊಬ್ಬರು ಓದದೆ ಓಡಿಸುವಂತಿಲ್ಲ. ಮೂರನೆಯದು ನನ್ನ ಹಳೆಯ ಗಾಯಕ್ಕೆ ಮುಲಾಮು: ಟೇಬಲ್‌ಗಳ ನಡುವಿನ ಪ್ರತಿ ಸಂಬಂಧಕ್ಕೂ ಲೇಜಿ ಅನ್ನುವಲ್ಲಿ ರೈಸ್ ಅಂತ ಬರೆಯಬೇಕು. ಹಾಗೆ ಬರೆದರೆ, ಮೊದಲೇ ತಂದುಕೊಳ್ಳದ ವಿಷಯವನ್ನು ಚುಕ್ಕಿ ಹಾಕಿ ಮುಟ್ಟಿದ ಕೂಡಲೇ ಕದ್ದು ಕ್ವೆರಿ ಓಡಿಸುವ ಬದಲು ದೋಷ ಬಂದು ನಿಲ್ಲುತ್ತೆ. ಇದರ ಮೇಲೆ ಪಟ್ಟಿಯ ಪರದೆಗಳಿಗೆ ಎಷ್ಟು ಕ್ವೆರಿ ಓಡಿತು ಅಂತ ಎಣಿಸುವ ಪರೀಕ್ಷೆಯನ್ನೂ ಇಟ್ಟಿದ್ದೇವೆ.

ಹೋದ ವಾರ ಆ ಪರೀಕ್ಷೆ ಮೊದಲ ಸಲ ಕೆಂಪಾಯಿತು. ಭೇಟಿಗಳಿಗೆ ಫೋಟೋ ಸೇರಿಸುವ ಕೆಲಸ ಹುಡುಗಿಯದ್ದು. ಹೊಸ ಸಂಬಂಧ ಬರೆದಿದ್ದಳು, ರೈಸ್ ಹಾಕಲು ಮರೆತಿದ್ದಳು. "3 ಇರಬೇಕಿತ್ತು, 23 ಓಡಿದೆ" ಅಂತ ಪರೀಕ್ಷೆ ಹೇಳುತ್ತಿತ್ತು. ನಾನು ಎದ್ದು ಅವಳ ಮೇಜಿನ ಹತ್ತಿರ ಹೋಗುವಷ್ಟರಲ್ಲಿ ಅವಳು ಓಡುವ ಕ್ವೆರಿಗಳನ್ನು ತೋರಿಸುವ ಎಕೋ ಆನ್ ಮಾಡಿ, ಪರದೆಯ ಮೇಲೆ ಒಂದೇ ಥರದ ಇಪ್ಪತ್ತು ಸೆಲೆಕ್ಟ್‌ಗಳನ್ನು ಬೆರಳಿಟ್ಟು ಎಣಿಸುತ್ತಿದ್ದಳು. "ಸಿಕ್ಕಿತು ಮೇಡಂ, ನೀವು ಕೂತ್ಕೊಳ್ಳಿ" ಅಂದಳು.